ಮಗುವಿಗೆ ಅಜ್ಜನ ಹೆಸರು ಇಡ್ತೀರಾ? ತೊಟ್ಟಿಲಿಂದ ಪಹಣಿವರೆಗೆ ನೋಡಿಕೊಳ್ಳಬೇಕಾದ್ದು

"ಮಗನಿಗೆ ಮಾವನವರ ಹೆಸರೇ ಇಡಬೇಕು ಅಂತ ಮನೆಯಲ್ಲಿ ಹಟ. ಇನಿಶಿಯಲ್ ಏನು ಹಾಕೋದು?" "ಅಜ್ಜಿ ಹೆಸರು ತಿಪ್ಪಮ್ಮ. ಈಗಿನ ಕಾಲಕ್ಕೆ ಹೇಗೆ ಹೊಂದಿಸೋದು?" "ಬರ್ತ್ ಸರ್ಟಿಫಿಕೇಟಿನಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು ಬಂದಿದೆ. ಯಾವುದು ನಡೆಯುತ್ತೆ?"

ದಾವಣಗೆರೆ, ಚಿತ್ರದುರ್ಗ ಕಡೆಯ ಓದುಗರು ಈ ಮೂರು ಪ್ರಶ್ನೆಗಳನ್ನು ತಿರುಗಿಸಿ ಮುರುಗಿಸಿ ಕೇಳುತ್ತಲೇ ಇರುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಒಂದೇ ಸಲ ಬರೆದಿಡುತ್ತಿದ್ದೇನೆ. ಅಜ್ಜ ಅಜ್ಜಿಯ ಹೆಸರು ಇಡುವುದಕ್ಕೆ ನನ್ನ ತಕರಾರು ಏನೂ ಇಲ್ಲ, ಖುಷಿಯೇ. ಆದರೆ ಆ ಹೆಸರನ್ನು ಇದ್ದ ಹಾಗೇ ಎತ್ತಿ ಮಗುವಿನ ಮೇಲೆ ಇಟ್ಟರೆ ಮುಂದೆ ತಾಲ್ಲೂಕು ಕಚೇರಿಯಲ್ಲಿ ಸುಸ್ತಾಗುತ್ತೀರಿ. ಯಾಕೆ ಅನ್ನುವುದು ಎರಡನೇ ಹಂತದಲ್ಲಿದೆ. ಅವಸರವಿದ್ದವರು ಅದೊಂದನ್ನಾದರೂ ಓದಿ.

ಮೊದಲು ಇಷ್ಟು ಎದುರಿಗೆ ಇಟ್ಟುಕೊಳ್ಳಿ

ಒಂದು ಹಾಳೆ, ಪೆನ್ನು. ಗಂಡ ಹೆಂಡತಿ ಇಬ್ಬರ ಆಧಾರ್ ಮತ್ತು ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಜಮೀನಿದ್ದರೆ ಪಹಣಿಯ ಒಂದು ಪ್ರತಿ (ಯಾರ ಹೆಸರಲ್ಲಿ ಎಷ್ಟು ಜಮೀನು, ಏನು ಬೆಳೆ ಅಂತ ತೋರಿಸುವ ಕಾಗದ). ಜೊತೆಗೆ ಮನೆಯ ಹಳಬರೊಬ್ಬರು. ಹೆಸರುಗಳ ವಿಷಯದಲ್ಲಿ ಅಜ್ಜಿಯಂದಿರ ನೆನಪು ಗಟ್ಟಿ.

1. ನಿಮ್ಮ ಮನೆಯ ಪದ್ಧತಿ ಏನು ಅಂತ ಕೇಳಿ

ಊರಿಗೆಲ್ಲ ಒಂದೇ ಪದ್ಧತಿ ಇಲ್ಲ. ಹೆಚ್ಚಿನ ಮನೆಗಳಲ್ಲಿ ಮೊದಲ ಗಂಡು ಮಗುವಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯದಕ್ಕೆ ತಾಯಿಯ ಕಡೆ ಅಜ್ಜನ ಹೆಸರು. ಹೆಣ್ಣು ಮಗುವಾದರೆ ಅಜ್ಜಿಯಂದಿರ ಹೆಸರು, ಅದೇ ಸಾಲಿನಲ್ಲಿ. ಕೆಲವರು ಮನೆದೇವರ ಹೆಸರನ್ನು ಮುಂದಿಡುತ್ತಾರೆ. ನಾಯಕನಹಟ್ಟಿಗೆ ನಡೆದುಕೊಳ್ಳುವವರಲ್ಲಿ ತಿಪ್ಪೇಸ್ವಾಮಿ, ತಿಪ್ಪೇರುದ್ರಪ್ಪ, ತಿಪ್ಪಮ್ಮ. ಉಕ್ಕಡಗಾತ್ರಿ ಅಜ್ಜಯ್ಯನ ಒಕ್ಕಲಲ್ಲಿ ಕರಿಬಸಪ್ಪ, ಕರಿಬಸಮ್ಮ. ಕೊಟ್ಟೂರಿಗೆ ಹೋಗುವವರಲ್ಲಿ ಕೊಟ್ರೇಶ, ಕೊಟ್ರಮ್ಮ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಓಬಯ್ಯ, ಬೋರಯ್ಯ, ಪಾಲಯ್ಯ. ದಾವಣಗೆರೆಯಲ್ಲಿ ದುಗ್ಗಮ್ಮನ ಹೆಸರು ಹೊತ್ತ ದುಗ್ಗಪ್ಪ, ದುರ್ಗಮ್ಮ ಎಷ್ಟು ಜನ ಇದ್ದಾರೋ ಲೆಕ್ಕವಿಲ್ಲ.

ಹಳಬರನ್ನು ಕೇಳುವಾಗ ಎರಡು ವಿಷಯ ಮರೆಯಬೇಡಿ.

ಒಂದು: ಬದುಕಿರುವ ಅಜ್ಜನ ಹೆಸರು ಇಡಬಹುದಾ? ಕೆಲವು ಮನೆಗಳಲ್ಲಿ ಇಡುತ್ತಾರೆ. ಇನ್ನು ಕೆಲವರಲ್ಲಿ ಅಜ್ಜ ತೀರಿಹೋದ ಮೇಲೆ ಹುಟ್ಟಿದ ಮಗುವಿಗೆ ಮಾತ್ರ. "ಅಜ್ಜನೇ ತಿರುಗಿ ಬಂದ" ಅನ್ನುವ ನಂಬಿಕೆ ಅದರ ಹಿಂದೆ ಇದೆ. ಇದನ್ನು ಕೇಳದೆ ಹೆಸರು ಘೋಷಿಸಿದರೆ, ಜಗಲಿ ಮೇಲೆ ಕೂತ ಅಜ್ಜನಿಗೆ "ನಾನಿನ್ನೂ ಇದೀನಲ್ಲಪ್ಪ" ಅನಿಸಬಾರದು ಅಲ್ವಾ?

ಎರಡು: ಸೊಸೆ ಆ ಹೆಸರು ಕರೆಯುತ್ತಾಳಾ? ಮಾವನ ಹೆಸರು ಬಾಯಿಬಿಟ್ಟು ಹೇಳದ ಮನೆಗಳು ನಮ್ಮ ಕಡೆ ಈಗಲೂ ಇವೆ. ಮಗ ಹಾಲು ಚೆಲ್ಲಿದ. "ಏಯ್ ಹನುಮಂತಪ್ಪ, ಬೆನ್ನಿಗೆ ಎರಡು ಕೊಡ್ತೀನಿ" ಅನ್ನೋಕೆ ಬಾಯಿ ಬರೋದಿಲ್ಲ, ಪಕ್ಕದ ಕೋಣೆಯಲ್ಲಿ ಅತ್ತೆ ಇದ್ದಾರೆ. ಅದಕ್ಕೇ ಇಂಥ ಮಕ್ಕಳಿಗೆ ಅಪ್ಪಾಜಿ, ಅಜ್ಜಪ್ಪ, ಸಣ್ಣಪ್ಪ ಅಂತ ಕರೆಯುವ ಹೆಸರು ಬೇರೆ ಬೀಳುತ್ತದೆ. ಬೀಳಲಿ, ಚೆನ್ನಾಗಿರುತ್ತೆ. ಆದರೆ ಕರೆಯುವ ಹೆಸರು ಯಾವ ಕಾಗದಕ್ಕೂ ಹೋಗಬಾರದು. ಅಂಗನವಾಡಿಯಲ್ಲಿ ಟೀಚರ್ "ಏನಮ್ಮ ಹೆಸರು?" ಅಂದಾಗ ಅಜ್ಜಿ "ಅಪ್ಪಾಜಿ" ಅಂದುಬಿಡುತ್ತಾರೆ. ಅವರು ಅದನ್ನೇ ಬರೆದುಕೊಳ್ಳುತ್ತಾರೆ. ಎಡವಟ್ಟು ಅಲ್ಲಿಂದಲೇ ಶುರು.

2. ಮೂರು ತಲೆಮಾರು ಬರೆದು ನೋಡಿ

ಈ ಹಂತವನ್ನು ಯಾರೂ ಮಾಡುವುದಿಲ್ಲ. ಮಾಡಬೇಕಾದ್ದು ಇದೇ.

ಕಂದಾಯ ದಾಖಲೆಗಳಲ್ಲಿ ಹೆಸರಿನ ಪಕ್ಕ "ಬಿನ್" ಅಂತ ಇರುತ್ತದೆ. ಅಂದರೆ ಇಂಥವರ ಮಗ. "ಕೋಂ" ಅಂತಿದ್ದರೆ ಇಂಥವರ ಹೆಂಡತಿ. ಈಗ ಒಂದು ಮನೆ ತಗೊಳ್ಳಿ. ತಲೆಮಾರು ಬಿಟ್ಟು ತಲೆಮಾರು ಅಜ್ಜನ ಹೆಸರು ಇಡುವ ಪದ್ಧತಿ ಅಲ್ಲಿ ತಪ್ಪದೆ ನಡೆದಿದೆ. ಹಾಳೆಯ ಮೇಲೆ ಹೀಗೆ ಬರುತ್ತದೆ:

ಅಜ್ಜ: ಹನುಮಂತಪ್ಪ ಬಿನ್ ತಿಪ್ಪೇಸ್ವಾಮಿ
ಅಪ್ಪ: ತಿಪ್ಪೇಸ್ವಾಮಿ ಬಿನ್ ಹನುಮಂತಪ್ಪ
ಮಗ: ಹನುಮಂತಪ್ಪ ಬಿನ್ ತಿಪ್ಪೇಸ್ವಾಮಿ

ಮೊದಲ ಸಾಲು, ಮೂರನೇ ಸಾಲು ಇನ್ನೊಂದು ಸಲ ಓದಿ. ಅಜ್ಜ, ಮೊಮ್ಮಗ ಇಬ್ಬರದೂ ಅದೇ ಹೆಸರು. ಅಪ್ಪನ ಹೆಸರೂ ಅದೇ. ಊರು ಒಂದೇ ಆದ್ದರಿಂದ ಇನಿಶಿಯಲ್ ಕೂಡ ಅದೇ. ಕಾಗದದ ಮೇಲೆ ಇಬ್ಬರನ್ನೂ ಬೇರೆ ಮಾಡಲು ಹುಟ್ಟಿದ ದಿನ ಒಂದು ಬಿಟ್ಟು ಏನೂ ಉಳಿಯಲಿಲ್ಲ. ಪಹಣಿಯಲ್ಲಿ ಹುಟ್ಟಿದ ದಿನ ಇರುವುದಿಲ್ಲ.

ಅಜ್ಜ ತೀರಿಕೊಂಡು ಇಪ್ಪತ್ತು ವರ್ಷ ಆಗಿರುತ್ತದೆ, ಖಾತೆ ಇನ್ನೂ ಅವರ ಹೆಸರಲ್ಲೇ ಇರುತ್ತದೆ. ಸತ್ತವರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸುವುದಕ್ಕೆ ಪೌತಿ ಖಾತೆ ಅನ್ನುತ್ತಾರೆ. ನಮ್ಮ ಹಳ್ಳಿಗಳಲ್ಲಿ "ನೋಡೋಣ, ಮುಂದಿನ ಸುಗ್ಗಿ ಆಗಲಿ" ಅಂತ ಅದನ್ನು ತಳ್ಳಿಕೊಂಡೇ ಬರುತ್ತಾರೆ. ಅಷ್ಟರಲ್ಲಿ ಮೊಮ್ಮಗ ಬೆಳೆದು ಬೆಳೆ ಸಾಲಕ್ಕೋ, ಪಹಣಿಗೆ ಆಧಾರ್ ಜೋಡಿಸಲಿಕ್ಕೋ ಹೋಗುತ್ತಾನೆ. ಹೆಸರು ತಾಳೆಯಾಗುತ್ತದೆ, ಆದರೆ ಮನುಷ್ಯ ಬೇರೆ. ಚಿಕ್ಕಪ್ಪ, ಅತ್ತೆಯರ ಪಾಲೂ ಅದರಲ್ಲಿರುತ್ತದೆ. ಬೇಕು ಅಂತ ಯಾರೂ ಮೋಸ ಮಾಡದಿದ್ದರೂ ಅನುಮಾನ ಹುಟ್ಟುತ್ತದೆ, ಜಗಳ ಆಗುತ್ತದೆ.

ಇನ್ನೊಂದು ಹೊಂಡವೂ ಇದೆ. ಅಣ್ಣ ತಮ್ಮ ಇಬ್ಬರೂ ತಮ್ಮ ತಮ್ಮ ಮಗನಿಗೆ ಅದೇ ಅಜ್ಜನ ಹೆಸರಿಡುತ್ತಾರೆ. ಅಣ್ಣ ಮಂಜುನಾಥ, ತಮ್ಮ ಮಲ್ಲೇಶ. ಇಬ್ಬರ ಮಕ್ಕಳಿಗೂ ಊರಿನ ಅಕ್ಷರ ಒಂದೇ, ಅಪ್ಪನ ಅಕ್ಷರವೂ "ಎಂ". ಒಂದೇ ಶಾಲೆಗೆ ಸೇರಿಸಿದರೆ ಹಾಜರಿ ಪುಸ್ತಕದಲ್ಲಿ ಇಬ್ಬರೂ ಒಬ್ಬನೇ.

ಹಾಗಂತ ಅಜ್ಜನ ಹೆಸರು ಬಿಟ್ಟುಬಿಡಿ ಅಂತ ಹೇಳುತ್ತಿಲ್ಲ. ಒಂದು ಪದ ಸೇರಿಸಿ, ಇಲ್ಲವೇ ಒಂದು ತುದಿ ಬದಲಾಯಿಸಿ. ಇದು ನನ್ನ ಉಪಾಯ ಅಲ್ಲ, ದುರ್ಗದ ಪಾಳೇಗಾರರದ್ದು. ಅವರ ವಂಶದಲ್ಲೂ ಹೆಸರು ಸುತ್ತಿ ಸುತ್ತಿ ಬರುತ್ತದೆ. ರಂಗಪ್ಪ ನಾಯಕರು ಒಬ್ಬರಿಗಿಂತ ಜಾಸ್ತಿ, ಅದಕ್ಕೇ ಒಬ್ಬರು ಕಸ್ತೂರಿ ರಂಗಪ್ಪ, ಇನ್ನೊಬ್ಬರು ದೊಣ್ಣೆ ರಂಗಪ್ಪ. ಮದಕರಿ ನಾಯಕರಂತೂ ಹಲವರು. 1779ರಲ್ಲಿ ಹೈದರಾಲಿಗೆ ಕೋಟೆ ಕಳೆದುಕೊಂಡವರು ಕೊನೆಯ ಮದಕರಿ. ಯಾವ ಮದಕರಿ ಅಂತ ಹೇಳಲು ಇತಿಹಾಸಕಾರರು ಎರಡನೆಯ, ಐದನೆಯ ಅಂತ ನಂಬರ್ ಹಾಕಬೇಕಾಯಿತು. ನಿಮ್ಮ ಮೊಮ್ಮಗನಿಗೆ ತಾಲ್ಲೂಕು ಕಚೇರಿಯವರು ನಂಬರ್ ಹಾಕಿ ಕೊಡುವುದಿಲ್ಲ.

3. ಅಜ್ಜನ ಹೆಸರಿಗೆ ಹೊಸ ತುದಿ ಕೊಡಿ

ನನಗೆ ಹಿಡಿಸಿದ ದಾರಿ ಇದು: ಹೆಸರಿನ ಬುಡ ಉಳಿಸಿ, ತುದಿ ಬದಲಾಯಿಸಿ. ಹನುಮಂತಪ್ಪನ ಮೊಮ್ಮಗ ಹನುಮೇಶ. ರುದ್ರಪ್ಪನ ಮೊಮ್ಮಗ ರುದ್ರೇಶ. ಹಾಲಪ್ಪನಿಗೆ ಹಾಲೇಶ, ಬಸಪ್ಪನಿಗೆ ಬಸವರಾಜ, ಮರುಳಸಿದ್ದಪ್ಪನಿಗೆ ಮರುಳಸಿದ್ದೇಶ. ಗೌರಮ್ಮನ ಮೊಮ್ಮಗಳು ಗೌರಿ, ಪಾರ್ವತಮ್ಮನ ಮೊಮ್ಮಗಳು ಪಾರ್ವತಿ. ಹಿಂದಿನ ತಲೆಮಾರಿನವರು ಹೀಗೇ ಮಾಡಿದ್ದಾರೆ. ನಮ್ಮ ಕಡೆ ಇಷ್ಟೊಂದು "ಏಶ"ಗಳು ಇರುವುದು ಸುಮ್ನೆ ಅಲ್ಲ.

ಎರಡನೇ ದಾರಿ, ಹೊಸ ಹೆಸರು ಮುಂದೆ, ಅಜ್ಜನ ಹೆಸರು ಹಿಂದೆ. "ಚಿರಂತ್ ಹನುಮಂತಪ್ಪ" ಅಂತ. ಕೇಳೋಕೆ ಚೆನ್ನಾಗಿದೆ. ಆದರೆ ಹಿಂದಿನ ಪದವನ್ನು ಮುಂದೆ ಎಲ್ಲರೂ ಅಪ್ಪನ ಹೆಸರು ಅಂತಲೇ ತಿಳಿಯುತ್ತಾರೆ. ಅಪ್ಪ ತಿಪ್ಪೇಸ್ವಾಮಿ, ಮಗನ ಹೆಸರಿನ ಕೊನೆಗೆ ಹನುಮಂತಪ್ಪ. ಅರ್ಜಿ ತುಂಬುವವರು ಪ್ರತಿ ಸಲ ಗೊಂದಲ ಮಾಡಿಕೊಳ್ಳುತ್ತಾರೆ. ಹೀಗೆ ಇಡುವುದೇ ಆದರೆ ಮೊದಲ ದಿನದಿಂದ ಪೂರ್ತಿ ಹೆಸರನ್ನೇ ಬರೆಸಿ, "ಚಿರಂತ್ ಎಚ್" ಅಂತ ಎಲ್ಲೂ ಮೊಟಕು ಮಾಡಬೇಡಿ.

ಮೂರನೆಯದು, ಅಜ್ಜನ ಹೆಸರನ್ನು ಇದ್ದ ಹಾಗೇ ಇಡುವುದು. ಹಾಳೆಯಲ್ಲಿ ಆ "ಬಿನ್" ಗೊಂದಲ ಬರದಿದ್ದರೆ ಧಾರಾಳವಾಗಿ ಇಡಿ. ತಾಯಿಯ ಕಡೆ ಅಜ್ಜನ ಹೆಸರಾದರೆ ಈ ತೊಂದರೆ ಸಾಮಾನ್ಯವಾಗಿ ಇರುವುದಿಲ್ಲ, ಅಪ್ಪನ ಹೆಸರು ಬೇರೆಯಾಗುತ್ತದಲ್ಲ.

ತಿಪ್ಪಮ್ಮನ ಪ್ರಶ್ನೆ ಕೇಳಿದವರಿಗೆ ಒಂದು ಮಾತು. "ತಿಪ್ಪೆ" ಅಂದರೆ ಗೊಬ್ಬರದ ಗುಡ್ಡೆ ಅಂತ ಶಾಲೆಯಲ್ಲಿ ಆಡಿಕೊಳ್ಳುತ್ತಾರೆ ಅನ್ನುವ ಭಯ ನಿಜವೇ. ಹಿಂದೆ ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಕೂಸನ್ನು ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ ಎತ್ತಿಕೊಂಡು ತಿಪ್ಪ, ತಿಪ್ಪಿ ಅಂತ ಹೆಸರಿಡುತ್ತಿದ್ದರು. ಬೇಡದ್ದು ಅಂತ ಸಾವು ಬಿಟ್ಟುಹೋಗಲಿ ಅಂತ. ಜೊತೆಗೆ ತಿಪ್ಪೇರುದ್ರಸ್ವಾಮಿಯ ಭಕ್ತಿ ಬೇರೆ. ಮಗಳಿಗೆ ರುದ್ರಾಣಿ ಅಂತಿಟ್ಟು, ಅಜ್ಜಿಯ ಹೆಸರು ಆ ಸ್ವಾಮಿಯದ್ದೇ ಅಂತ ಹೇಳಿಕೊಡಿ. ಬುಡ ತಪ್ಪುವುದಿಲ್ಲ.

4. ಇನಿಶಿಯಲ್ ಈಗಲೇ ತೀರ್ಮಾನಿಸಿ

ಹಳೇ ಮೈಸೂರಿನ ರೂಢಿ: ಮೊದಲು ಊರಿನ ಅಕ್ಷರ, ಆಮೇಲೆ ಅಪ್ಪನ ಅಕ್ಷರ, ಕೊನೆಗೆ ಹೆಸರು. ನಮ್ಮ ಜಿಲ್ಲೆಯದ್ದೇ ಉದಾಹರಣೆ ಇದೆ. ಕುವೆಂಪು ಅವರ ಗುರು ಟಿ.ಎಸ್. ವೆಂಕಣ್ಣಯ್ಯ. "ಟಿ" ಅಂದರೆ ಚಳ್ಳಕೆರೆ ತಾಲ್ಲೂಕಿನ ತಳುಕು, "ಎಸ್" ಅಂದರೆ ತಂದೆ ಸುಬ್ಬಣ್ಣ. ಅವರ ಸಹೋದರ ರಾಮಸ್ವಾಮಯ್ಯನವರ ಮಗ ತ.ರಾ. ಸುಬ್ಬರಾವ್. ಅಕ್ಷರ ಕನ್ನಡಕ್ಕೆ ಬಂತು, ಊರು ಅದೇ ತಳುಕು. ಹುಟ್ಟಿದ್ದು ಹರಿಹರ ತಾಲ್ಲೂಕಿನ ಮಲೇಬೆನ್ನೂರಿನಲ್ಲಿ. ಅಂದರೆ ಇನಿಶಿಯಲ್‌ನ ಊರು ಮೂಲದ ಊರು, ಹೆರಿಗೆ ಆದ ಊರಲ್ಲ. ಅಜ್ಜ ಸುಬ್ಬಣ್ಣ, ಮೊಮ್ಮಗ ಸುಬ್ಬರಾವ್ ಅನ್ನುವುದನ್ನೂ ನೋಡಿ. ಬುಡ ಒಂದೇ, ತುದಿ ಬೇರೆ.

ಹರಿಹರ ದಾಟಿ ಉತ್ತರಕ್ಕೆ ಹೋದರೆ ಅಡ್ಡಹೆಸರು ಶುರುವಾಗುತ್ತದೆ: ಅಂಗಡಿ, ಬಣಕಾರ, ಪಾಟೀಲ. ಲಂಬಾಣಿ ತಾಂಡಾಗಳಲ್ಲಿ ಕೊನೆಗೆ ನಾಯ್ಕ. ಮುಸ್ಲಿಂ ಮನೆಗಳಲ್ಲಿ ಅಪ್ಪ ಮಕ್ಕಳ ಹೆಸರಿನಲ್ಲಿ ಒಂದೇ ಕೊನೆಪದ ಇರಲೇಬೇಕು ಅಂತಿಲ್ಲ. ಇವೆಲ್ಲ ಸರಿಯೇ. ಒಂದೇ ಮನೆಯಲ್ಲಿ ಅಣ್ಣನಿಗೆ ಅಡ್ಡಹೆಸರು, ತಂಗಿಗೆ ಇನಿಶಿಯಲ್ ಆಗದಂತೆ ನೋಡಿಕೊಂಡರೆ ಸಾಕು.

ಈಗ ಎಚ್ಚರಿಕೆ. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಅಲ್ಲಿ ಎರಡು ಖಾನೆ: ಒಂದು ಇಟ್ಟ ಹೆಸರಿಗೆ, ಇನ್ನೊಂದು ಸರ್‌ನೇಮ್‌ಗೆ. ಒಂದೇ ಪದದ ಹೆಸರಿದ್ದು ಒಂದು ಖಾನೆ ಖಾಲಿ ಬಿಟ್ಟವರಿಗೆ ಅಮೆರಿಕದ ವೀಸಾದಲ್ಲಿ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" ಅಂತ ಬರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಯುಎಇ 2022ರ ನವೆಂಬರಿನಲ್ಲಿ ಒಂದೇ ಪದದ ಹೆಸರಿನವರಿಗೆ ವಿಸಿಟ್ ವೀಸಾ ತಡೆದಾಗ ನಮ್ಮವರು ಎಷ್ಟೋ ಜನ ಗಾಬರಿಯಾಗಿದ್ದರು. ಆದ್ದರಿಂದ ಜನನ ಪ್ರಮಾಣಪತ್ರದಲ್ಲೇ "ಹನುಮೇಶ ತಿಪ್ಪೇಸ್ವಾಮಿ" ಅಂತ ಎರಡು ಪದ ಬರೆಸುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ತಾಯಿಯ ಹೆಸರನ್ನು ಇಡಬಹುದಾ ಅಂತಲೂ ಕೇಳುತ್ತೀರಿ. ಇಡಬಹುದು. 2016ರ ಡಿಸೆಂಬರಿನಿಂದ ಪಾಸ್‌ಪೋರ್ಟ್ ಅರ್ಜಿಗೆ ತಂದೆ ಅಥವಾ ತಾಯಿ ಒಬ್ಬರ ಹೆಸರಿದ್ದರೂ ಸಾಕು.

5. ಇಂಗ್ಲಿಷ್ ಸ್ಪೆಲ್ಲಿಂಗ್ ಒಂದೇ ಸಲ ಬರೆದಿಡಿ

ತಿಪ್ಪೇಸ್ವಾಮಿ ಅನ್ನುವ ಒಂದು ಹೆಸರು ತಗೊಳ್ಳಿ. ಶುರುವಿಗೆ ಬರೀ "ಟಿ" ಹಾಕುವವರು ಇದ್ದಾರೆ, "ಟಿ"ಗೆ "ಎಚ್" ಸೇರಿಸುವವರೂ ಇದ್ದಾರೆ. "ಪಿ" ಒಂದೋ ಎರಡೋ. ಸ್ವಾಮಿಯಲ್ಲಿ "ಡಬ್ಲ್ಯೂ"ನೋ "ವಿ"ನೋ. ಕೊನೆಗೆ "ವೈ"ನೋ "ಐ"ನೋ. ತಿಪ್ಪೆ, ಸ್ವಾಮಿ ಕೂಡಿಸಿ ಬರೆಯುವುದೋ ಬಿಡಿಸಿಯೋ. ಗುಣಿಸಿದರೆ 32 ಬಗೆ. ನನ್ನದೇ ಹೆಸರು ಅಂಕಪಟ್ಟಿಯಲ್ಲಿ ಒಂದು ಬಗೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನ್ನೊಂದು ಬಗೆ ಇತ್ತು. ಒಂದು "ಎಚ್" ತೆಗೆಸೋಕೆ ನಾಲ್ಕು ಸಲ ಓಡಾಡಿದೆ.

ಹಾಳೆಯ ಮೇಲೆ ಮಗುವಿನ ಹೆಸರು, ಅಪ್ಪನ ಹೆಸರು, ಅಮ್ಮನ ಹೆಸರು ದೊಡ್ಡಕ್ಷರದಲ್ಲಿ ಬರೆಯಿರಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಅಪ್ಪ ಅಮ್ಮನ ಹೆಸರು ಅವರ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರಿನಲ್ಲಿ ಇದ್ದ ಹಾಗೇ ಇರಲಿ. ಅವೆರಡೇ ಬೇರೆ ಬೇರೆ ಇದ್ದರೆ ಮಗು ಹುಟ್ಟುವ ಮುಂಚೆ ಆಧಾರ್ ಸರಿಮಾಡಿಸಿ. ಆದರೆ ಆಧಾರಿನಲ್ಲಿ ಹೆಸರು ಬದಲಾಯಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಅದನ್ನು ಸುಮ್ನೆ ಕಳೆಯಬೇಡಿ. ಆ ಹಾಳೆಯ ಫೋಟೊ ತೆಗೆದು ಗಂಡ, ಹೆಂಡತಿ, ತವರಿನವರು ಎಲ್ಲರ ಮೊಬೈಲಿನಲ್ಲೂ ಇರುವಂತೆ ಮಾಡಿ. ತವರಿನವರು ಯಾಕೆ ಅಂದರೆ:

6. ಜನನ ನೋಂದಣಿ

ಹೆರಿಗೆ ತವರಿನಲ್ಲಿ. ಗಂಡ ಬರುವಷ್ಟರಲ್ಲಿ ಆಸ್ಪತ್ರೆಯಲ್ಲಿ ಫಾರಂ ತುಂಬುವುದು ಮಾವನೋ ಬಾಮೈದನೋ. "ಅಳಿಯಂದಿರ ಹೆಸರೇನು?" "ಮಂಜಣ್ಣ." ಆಧಾರಿನಲ್ಲಿ ಮಂಜುನಾಥ ಅಂತಿರುತ್ತದೆ. ಮುಗಿಯಿತು. ಮಗುವಿನ ಮೊದಲ ದಾಖಲೆಯಲ್ಲೇ ಅಪ್ಪ ಬೇರೆಯವರಾದರು. ಈ ತಪ್ಪನ್ನು ನಾನು ನೋಡಿದಷ್ಟು ಬೇರೆ ಯಾವುದನ್ನೂ ನೋಡಿಲ್ಲ.

ನಿಯಮಗಳು ಸರಳ:

ಹುಟ್ಟಿದ 21 ದಿನದೊಳಗೆ ನೋಂದಣಿ ಆಗಬೇಕು. ಆಸ್ಪತ್ರೆಯಲ್ಲಿ ಹುಟ್ಟಿದರೆ ಮಾಹಿತಿ ಕೊಡುವ ಜವಾಬ್ದಾರಿ ಆಸ್ಪತ್ರೆಯದು, ಮನೆಯಲ್ಲಾದರೆ ಮನೆಯವರದು.

ನೋಂದಣಿ ಆಗುವುದು ಮಗು ಹುಟ್ಟಿದ ಊರಿನಲ್ಲಿ, ನೀವಿರುವ ಊರಿನಲ್ಲಲ್ಲ. ಜಗಳೂರಿನವರಿಗೆ ದಾವಣಗೆರೆ ಆಸ್ಪತ್ರೆಯಲ್ಲಿ ಮಗುವಾದರೆ ಪತ್ರ ದಾವಣಗೆರೆಯದು. ಯಾವ ಕಚೇರಿ ಅಂತ ಡಿಸ್ಚಾರ್ಜ್ ಆಗುವ ಮುಂಚೆ ಕೇಳಿ ಬರೆದುಕೊಳ್ಳಿ.

ಹೆಸರಿನ ಖಾನೆಯನ್ನು ಖಾಲಿ ಬಿಡಬಹುದು. ಇದು ಬಹಳ ಜನಕ್ಕೆ ಗೊತ್ತಿಲ್ಲ. ಹೆಸರಿಲ್ಲದೆ ನೋಂದಣಿ ಮಾಡಿಸಿ, 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಮೇಲೆ ತಡವಾದದ್ದಕ್ಕೆ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಲು ಅವಕಾಶವಿದೆ. ಆದ್ದರಿಂದ ಆಸ್ಪತ್ರೆಯಲ್ಲಿ ನರ್ಸ್ ಕೇಳಿದರು ಅಂತ ಬಾಯಿಗೆ ಬಂದ ಹೆಸರು ಹೇಳಬೇಡಿ. ಖಾಲಿ ಖಾನೆ ತುಂಬುವುದು ಸುಲಭ, ತುಂಬಿದ್ದನ್ನು ಬದಲಾಯಿಸುವುದು ಬಲು ಕಷ್ಟ. ಬರವಣಿಗೆಯ ತಪ್ಪನ್ನು ತಿದ್ದುತ್ತಾರೆ, "ಮನಸ್ಸು ಬದಲಾಯಿತು" ಅಂದರೆ ಕೇಳುವುದಿಲ್ಲ.

2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಆಧಾರ್, ಡ್ರೈವಿಂಗ್ ಲೈಸೆನ್ಸ್, ಮತದಾರರ ಪಟ್ಟಿ, ಪಾಸ್‌ಪೋರ್ಟ್ ಎಲ್ಲಕ್ಕೂ ಹುಟ್ಟಿದ ದಿನ, ಊರಿನ ಪುರಾವೆ ಈ ಜನನ ಪ್ರಮಾಣಪತ್ರವೇ. ಮುಂಚಿನ ಹಾಗೆ "ಶಾಲೆಯಲ್ಲಿ ಬರೆಸಿದರೆ ಆಯ್ತು" ನಡೆಯುವುದಿಲ್ಲ. ಪ್ರತಿ ಕೈಗೆ ಬಂದ ತಕ್ಷಣ, ಕೌಂಟರ್ ಬಿಡುವ ಮುಂಚೆ, ನಿಮ್ಮ ಹಾಳೆಯ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ.

7. ತೊಟ್ಟಿಲು ಶಾಸ್ತ್ರ

ಇದಕ್ಕೆ ಮಾರ್ಗದರ್ಶಿ ಬೇಕಿಲ್ಲ, ನಿಮ್ಮ ಮನೆಯ ಹೆಂಗಸರಿಗೆ ಗೊತ್ತು. ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರು ಹೇಳುತ್ತಾಳೆ, ಕೆಲವು ಮನೆಗಳಲ್ಲಿ "ಕುರ್‌ರ್" ಅಂದವಳ ಬೆನ್ನಿಗೆ ಸುತ್ತ ನಿಂತವರು ಗುದ್ದುತ್ತಾರೆ. ಜಾತಕದ ಅಕ್ಷರಕ್ಕೆ ಒಂದು, ದೇವರದ್ದೊಂದು, ಅಜ್ಜನದ್ದೊಂದು, ಅಮ್ಮನಿಗೆ ಇಷ್ಟವಾದದ್ದೊಂದು ಅಂತ ನಾಲ್ಕೈದು ಹೆಸರು ಕಿವಿಯಲ್ಲಿ ಹೇಳಿದರೂ ತೊಂದರೆಯಿಲ್ಲ. ಅಜ್ಜನ ಹೆಸರಿನ ತುದಿ ಬದಲಾಯಿಸಿದ್ದಕ್ಕೆ ಹಿರಿಯರು ಮುಖ ಊದಿಸಿಕೊಂಡಿದ್ದರೆ ಇಲ್ಲೇ ಸಮಾಧಾನ ಮಾಡಿ. ತೊಟ್ಟಿಲಲ್ಲಿ ಪೂರ್ತಿ "ಹನುಮಂತಪ್ಪ", ಕಾಗದದಲ್ಲಿ "ಹನುಮೇಶ". ಈ ಉಪಾಯಕ್ಕೆ ಒಪ್ಪದ ಅಜ್ಜಿಯನ್ನು ನಾನಿನ್ನೂ ಕಂಡಿಲ್ಲ.

8. ಆಧಾರ್, ಆಮೇಲೆ ಶಾಲೆ

ಐದು ವರ್ಷದೊಳಗಿನ ಮಗುವಿಗೆ ನೀಲಿ ಬಣ್ಣದ ಬಾಲ ಆಧಾರ್. ಬೆರಳಚ್ಚು ತೆಗೆದುಕೊಳ್ಳುವುದಿಲ್ಲ, ಐದಕ್ಕೆ ಒಂದು ಸಲ, ಹದಿನೈದಕ್ಕೆ ಒಂದು ಸಲ ಅಪ್‌ಡೇಟ್ ಮಾಡಿಸಬೇಕು. ಜನನ ಪ್ರಮಾಣಪತ್ರದಲ್ಲಿ ಹೆಸರು ಸೇರಿದ ಮೇಲೇ ಆಧಾರಿಗೆ ಹೋಗಿ, ಮುಂಚೆ ಬೇಡ. ಒಂದನೇ ಕ್ಲಾಸಿಗೆ ಸೇರಿಸುವಾಗ ದಾಖಲಾತಿ ರಿಜಿಸ್ಟರಿನಲ್ಲಿ ಬರೆದ ಸಾಲನ್ನು ತೋರಿಸಿ ಅಂತ ಕೇಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಗುವುದು ಅದೇ ಹೆಸರು. ತಿದ್ದುಪಡಿ ಇದ್ದರೆ ಒಂಬತ್ತನೇ ಕ್ಲಾಸಿನೊಳಗೆ ಮುಗಿಸಿ.

ಈಗಾಗಲೇ ಅಜ್ಜನ ಹೆಸರು ಇಟ್ಟಾಗಿದೆ ಅನ್ನುವವರಿಗೆ

ಮಗುವಿನ ಹೆಸರು ಬದಲಾಯಿಸಲು ಹೋಗಬೇಡಿ. ಅಜ್ಜನ ಕಡೆಯಿಂದ ಸರಿಮಾಡಿ. ಅಜ್ಜ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ತೆಗೆಸಿ, ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಹಾಕಿ (ಅಜ್ಜನಿಂದ ಮೊಮ್ಮಕ್ಕಳವರೆಗೆ ಯಾರ ಮಕ್ಕಳು ಯಾರು ಅಂತ ತೋರಿಸುವ ದೃಢೀಕರಣ ಪತ್ರ), ಪೌತಿ ಖಾತೆ ಮಾಡಿಸಿ. ಅರ್ಜಿ ತುಂಬುವಾಗ ಮಕ್ಕಳು ಎಲ್ಲರನ್ನೂ ಬರೆಸಿ, ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನೂ ಸೇರಿಸಿ. ಪಹಣಿಯಿಂದ ಅಜ್ಜನ ಹೆಸರು ಇಳಿದು ಮಕ್ಕಳ ಹೆಸರು ಏರಿದ ಮೇಲೆ, ಆ ಜಮೀನಿಗೆ ಸದ್ಯಕ್ಕೆ ಇಬ್ಬರು ಹನುಮಂತಪ್ಪರ ಗೊಂದಲ ಇರುವುದಿಲ್ಲ. ಅಜ್ಜ ಬದುಕಿದ್ದರೆ ಇನ್ನೂ ಸುಲಭ. ಅವರನ್ನೇ ಕರೆದುಕೊಂಡು ಹೋಗಿ ಪಹಣಿಗೆ ಅವರ ಆಧಾರ್ ಜೋಡಿಸಿಬಿಡಿ. ಬರುವಾಗ ಮೊಮ್ಮಗನ ಜನನ ಪ್ರಮಾಣಪತ್ರದ ಇನ್ನೆರಡು ಪ್ರತಿ ತೆಗೆಸಿಕೊಂಡು ಬನ್ನಿ.